ಸುಟ್ಟ ಕಲೆಗೆ ಎಣ್ಣೆ ತಿಕ್ಕಿದರೆ ಮಾಯವಾಗುತ್ತದೆಯೇ? ಮಕ್ಕಳ ವಿಷಯದಲ್ಲಿ ಮಸಾಜ್‌ನಿಂದ ಆಗುವುದೇನು, ಆಗದಿರುವುದೇನು

ಸುಟ್ಟ ಗಾಯ ಮಾಗಿದ ಮೇಲೆ ಉಳಿಯುವ ಕಲೆಗೆ ದಿನಾ ಎಣ್ಣೆ ಹಚ್ಚಿ ತಿಕ್ಕಿ, ಹದಿನೈದೇ ದಿನದಲ್ಲಿ ಚರ್ಮ ಮೊದಲಿನಂತಾಗುತ್ತದೆ ಎನ್ನುವ ಫಾರ್ವರ್ಡ್‌ಗಳು ಹೊಸತಲ್ಲ. ಹಚ್ಚುವ ವಸ್ತು ಮಾತ್ರ ಬದಲಾಗುತ್ತಿರುತ್ತದೆ. ಒಮ್ಮೆ ಲೋಳೆಸರದ ಜೊತೆ ಕೊಬ್ಬರಿ ಎಣ್ಣೆ, ಇನ್ನೊಮ್ಮೆ ನಿಂಬೆರಸ ಬೆರೆಸಿದ ಜೇನುತುಪ್ಪ, ಮತ್ತೊಮ್ಮೆ ಹರಳೆಣ್ಣೆ. ಕೆಳಗೆ ‘ಹತ್ತು ಜನಕ್ಕೆ ಕಳಿಸಿ, ಒಂದು ಮಗುವಿಗೆ ಉಪಕಾರವಾದೀತು’ ಎಂಬ ಸಾಲು ಇದ್ದೇ ಇರುತ್ತದೆ.

ಇಂಥ ಸಂದೇಶದ ತೊಂದರೆ ಏನೆಂದರೆ, ಅದು ಪೂರ್ತಿ ಸುಳ್ಳಲ್ಲ. ಪೂರ್ತಿ ಸುಳ್ಳಾಗಿದ್ದರೆ ಒಂದು ಕೆಂಪು ಮುದ್ರೆ ಒತ್ತಿ ಮುಂದೆ ಹೋಗಬಹುದಿತ್ತು. ಸುಟ್ಟ ಕಲೆಗೆ ಮಸಾಜ್ ಮಾಡುವುದನ್ನು ದೊಡ್ಡ ಆಸ್ಪತ್ರೆಗಳ ಫಿಸಿಯೋಥೆರಪಿ ವಿಭಾಗಗಳಲ್ಲೂ ಹೇಳಿಕೊಡುತ್ತಾರೆ. ಹಾಗಾದರೆ ಅದರಿಂದ ನಿಜವಾಗಿ ಏನು ಆಗುತ್ತದೆ, ಏನು ಆಗುವುದಿಲ್ಲ, ಯಾವಾಗ ಅಪಾಯ? ಈ ಬರಹದಲ್ಲಿ ನಾವು ನೋಡುವುದು ಇದನ್ನೇ. ಮಲೆನಾಡಿನ ಮನೆಗಳನ್ನು, ಅದರಲ್ಲೂ ಸಾಗರ, ಹೊಸನಗರ, ತೀರ್ಥಹಳ್ಳಿಯ ಹಳ್ಳಿಗಳನ್ನು ಕಣ್ಣಮುಂದೆ ಇಟ್ಟುಕೊಂಡು ಬರೆದಿದ್ದೇವೆ. ಅದಕ್ಕೆ ಕಾರಣವಿದೆ.

ಹಂಡೆ, ಕೊಪ್ಪರಿಗೆ, ಚೊಗರು

ಸುಟ್ಟಗಾಯ ಅಂದಾಕ್ಷಣ ಬೆಂಕಿ ನೆನಪಾಗುತ್ತದೆ. ಆದರೆ ಐದು ವರ್ಷದೊಳಗಿನ ಮಕ್ಕಳನ್ನು ಸುಡುವುದು ಹೆಚ್ಚಾಗಿ ಬಿಸಿ ದ್ರವ: ನೀರು, ಸಾರು, ಕಾಫಿ, ಗಂಜಿ. ಮಲೆನಾಡಿನಲ್ಲಿ ಈ ಪಟ್ಟಿಗೆ ಇನ್ನಷ್ಟು ಸೇರುತ್ತವೆ. ಮಳೆಗಾಲದಲ್ಲಿ ಬಚ್ಚಲ ಒಲೆ ಆರುವುದೇ ಅಪರೂಪ. ಹಂಡೆಯಲ್ಲಿ ಮರಳುವ ನೀರು, ಪಕ್ಕದಲ್ಲೇ ಜಾರುವ ನೆಲ. ಅಡಿಕೆ ಸುಗ್ಗಿಯಲ್ಲಿ ಸುಲಿದ ಅಡಿಕೆ ಬೇಯುವ ದೊಡ್ಡ ಹಂಡೆ, ಅದರೊಳಗೆ ಚೊಗರು. ರಾತ್ರಿ ಹೊತ್ತಿನವರೆಗೆ ಸುಲಿಯುವ ಕೆಲಸ ನಡೆಯುವಾಗ ಮಕ್ಕಳೂ ಅಲ್ಲೇ ಆಡುತ್ತಿರುತ್ತವೆ. ಆಲೆಮನೆಯ ಕೊಪ್ಪರಿಗೆಯಂತೂ ಬೇರೆಯೇ ಲೆಕ್ಕ. ಕುದಿಯುವ ಬೆಲ್ಲದ ಪಾಕ ನೂರು ಡಿಗ್ರಿಗಿಂತಲೂ ಮೇಲೆ ಕಾಯುತ್ತದೆ. ನೀರಿನಂತೆ ಹರಿದು ಹೋಗದೆ ಚರ್ಮಕ್ಕೆ ಅಂಟಿಕೊಂಡು ಸುಡುತ್ತಲೇ ಇರುತ್ತದೆ.

60 ಡಿಗ್ರಿ ಬಿಸಿಯ ನೀರು ದೊಡ್ಡವರ ಚರ್ಮವನ್ನು ಆಳವಾಗಿ ಸುಡಲು ಸುಮಾರು 5 ಸೆಕೆಂಡು ಸಾಕು. ಮಕ್ಕಳ ಚರ್ಮ ತೆಳು, ಅಷ್ಟೂ ಹೊತ್ತು ಬೇಡ. ಭಾರತದಲ್ಲಿ ವರ್ಷಕ್ಕೆ 10 ಲಕ್ಷಕ್ಕೂ ಹೆಚ್ಚು ಜನ ಮಧ್ಯಮ ಅಥವಾ ತೀವ್ರ ಪ್ರಮಾಣದಲ್ಲಿ ಸುಟ್ಟಗಾಯಕ್ಕೆ ಒಳಗಾಗುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಜೀವ ಉಳಿದದ್ದೇ ದೊಡ್ಡದು ಎಂದು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಕಲೆಯ ಕಥೆ ಶುರುವಾಗುತ್ತದೆ. ಆ ಕಥೆ ವರ್ಷಗಟ್ಟಲೆ ನಡೆಯುವಂಥದ್ದು. ಆಗ ಕೈಯಲ್ಲಿರುವುದು ಒಂದು ಡಿಸ್ಚಾರ್ಜ್ ಚೀಟಿ, ಒಂದು ಮುಲಾಮು, ಮತ್ತು ಫೋನಿಗೆ ಬರುವ ಸಲಹೆಗಳು.

ಕಲೆ ಏಕೆ ಉಬ್ಬುತ್ತದೆ?

ಚರ್ಮದ ಮೇಲ್ಭಾಗ ಮಾತ್ರ ಸುಟ್ಟಿದ್ದರೆ ಗಾಯ ಎರಡು ವಾರದೊಳಗೆ ಮಾಗುತ್ತದೆ. ಬಣ್ಣ ಸ್ವಲ್ಪ ಬೇರೆ ಕಾಣಬಹುದು, ಗಟ್ಟಿಯಾಗಿ ಉಬ್ಬುವ ಸಂಭವ ಕಡಿಮೆ. ಆಳಕ್ಕೆ ಸುಟ್ಟಿದ್ದರೆ ಮಾಗಲು ಹೆಚ್ಚು ದಿನ ಬೇಕು. ದಿನ ಹೆಚ್ಚಾದಷ್ಟೂ ಕಲೆ ಉಬ್ಬುವ ಸಾಧ್ಯತೆಯೂ ಹೆಚ್ಚು. 1983ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 14ರಿಂದ 21 ದಿನದೊಳಗೆ ಮಾಗಿದ ಜಾಗಗಳ ಪೈಕಿ ಮೂರರಲ್ಲಿ ಒಂದು ಭಾಗ ಉಬ್ಬಿದವು. 21 ದಿನ ದಾಟಿ ಮಾಗಿದ ಜಾಗಗಳಲ್ಲಿ ಈ ಪ್ರಮಾಣ 78% ಇತ್ತು. ‘ಮೂರು ವಾರದಲ್ಲಿ ಮಾಗದ ಗಾಯವನ್ನು ತಜ್ಞರಿಗೆ ತೋರಿಸಿ’ ಎನ್ನುವ ಮಾತಿನ ಹಿಂದೆ ಇರುವುದು ಇಂಥ ಲೆಕ್ಕವೇ.

ಗಾಯ ಮುಚ್ಚುವಾಗ ದೇಹ ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನನ್ನು ಅವಸರದಲ್ಲಿ ತಂದು ಸುರಿಯುತ್ತದೆ. ಒಳ್ಳೆಯ ಚರ್ಮದಲ್ಲಿ ಈ ನಾರುಗಳು ಬುಟ್ಟಿ ಹೆಣೆದಂತೆ ಇರುತ್ತವೆ. ಕಲೆಯಲ್ಲಿ ಒತ್ತೊತ್ತಾಗಿ ಕಟ್ಟು ಕಟ್ಟಿದಂತೆ ಬೀಳುತ್ತವೆ. ಗಾಯವನ್ನು ಎಳೆದು ಚಿಕ್ಕದು ಮಾಡುವ ಜೀವಕೋಶಗಳು ಕೆಲಸ ಮುಗಿದ ಮೇಲೂ ಎಳೆಯುತ್ತಲೇ ಇರುತ್ತವೆ. ಹೀಗೆ ಕಲೆ ಕೆಂಪಾಗಿ, ದಪ್ಪವಾಗಿ, ಬಿಗಿಯಾಗಿ ಏಳುತ್ತದೆ. ಎಣ್ಣೆಯ ಗ್ರಂಥಿಗಳೂ ಸುಟ್ಟುಹೋಗಿರುವುದರಿಂದ ಒಣಗುತ್ತದೆ. ವಿಪರೀತ ತುರಿಸುತ್ತದೆ.

ಈಗ ಫಾರ್ವರ್ಡ್‌ಗಳ ಗುಟ್ಟಿಗೆ ಬರೋಣ. ಇಂಥ ಕಲೆ ಗಾಯ ಮಾಗಿದ ಆರೆಂಟು ವಾರಕ್ಕೆ ಏಳಲು ಶುರುವಾಗಿ, ಸುಮಾರು ಆರು ತಿಂಗಳವರೆಗೆ ಹೆಚ್ಚುತ್ತಲೇ ಹೋಗುತ್ತದೆ. ಆಮೇಲೆ ತಾನಾಗಿಯೇ ನಿಧಾನಕ್ಕೆ ಬಿಳಿಚಿ, ಮೆತ್ತಗಾಗಿ, ತಗ್ಗುತ್ತದೆ. ಇದಕ್ಕೆ ಒಂದರಿಂದ ಎರಡು ವರ್ಷ ಹಿಡಿಯುತ್ತದೆ. ಏಳನೇ ತಿಂಗಳಲ್ಲಿ ಯಾರಾದರೂ ಹರಳೆಣ್ಣೆ ಶುರು ಮಾಡಿದರೆ ಹರಳೆಣ್ಣೆಗೆ ಹೆಸರು ಬರುತ್ತದೆ. ಲೋಳೆಸರ ಶುರು ಮಾಡಿದ್ದರೆ ಲೋಳೆಸರಕ್ಕೆ. ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ, ತಮ್ಮ ಕಣ್ಣಾರೆ ಕಂಡದ್ದನ್ನೇ ಹೇಳುತ್ತಾರೆ. ಆದರೆ ಅದೇ ಎಣ್ಣೆಯನ್ನು ಎರಡನೇ ತಿಂಗಳಲ್ಲಿ ಶುರು ಮಾಡಿದ ತಾಯಿಗೆ ಕಲೆ ದಿನೇ ದಿನೇ ಉಬ್ಬುವುದು ಕಾಣುತ್ತದೆ. ‘ಸರಿಯಾಗಿ ತಿಕ್ಕಿಲ್ಲ ನೀನು’ ಎಂಬ ಮಾತೂ ಕೇಳಬೇಕಾಗುತ್ತದೆ. ಮಗು ಸುಟ್ಟುಕೊಂಡದ್ದಕ್ಕೆ ಮೊದಲೇ ತನ್ನನ್ನೇ ದೂರಿಕೊಳ್ಳುತ್ತಿರುವ ಹೆಣ್ಣುಮಗಳಿಗೆ ಇದು ಎರಡನೇ ಶಿಕ್ಷೆ. ತಪ್ಪು ಅವಳ ಕೈಯದ್ದಲ್ಲ. ಕಲೆಯ ಸ್ವಭಾವವೇ ಹಾಗೆ.

ಅಧ್ಯಯನಗಳು ಹೇಳುವುದೇನು

ಮಕ್ಕಳ ಮೇಲೆಯೇ ನಡೆದ ಅಧ್ಯಯನವೊಂದು 1999ರಲ್ಲಿ ಪ್ರಕಟವಾಯಿತು, ಅರ್ಜೆಂಟೀನಾದ್ದು. ಉಬ್ಬಿದ ಕಲೆಯಿದ್ದ 30 ಮಕ್ಕಳಿಗೂ ಬಿಗಿ ಉಡುಪು ಹಾಕಿಸಿದರು. ಅವರಲ್ಲಿ ಅರ್ಧದಷ್ಟು ಮಕ್ಕಳಿಗೆ ಜೊತೆಗೆ ದಿನಕ್ಕೆ 10 ನಿಮಿಷದಂತೆ ಮೂರು ತಿಂಗಳು ಮಸಾಜ್ ಮಾಡಿಸಿದರು. ಕೊನೆಯಲ್ಲಿ ಕಲೆಯ ಎತ್ತರ, ಮೆದುತನ, ಕೆಂಪು ಯಾವುದರಲ್ಲೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಕೆಲವು ಮಕ್ಕಳಲ್ಲಿ ತುರಿಕೆ ಮಾತ್ರ ಕಡಿಮೆಯಾಗಿತ್ತು.

2014ರಲ್ಲಿ ಕೊರಿಯಾದಿಂದ 146 ರೋಗಿಗಳ ಅಧ್ಯಯನ ಬಂತು. ಅದರಲ್ಲಿ ನೋವು, ತುರಿಕೆಯ ಜೊತೆ ಕಲೆಯ ದಪ್ಪವೂ ತಗ್ಗಿತ್ತು. ಆದರೆ ಅಲ್ಲಿ ಮಸಾಜ್ ಮಾಡಿದವರು ತರಬೇತಾದ ಥೆರಪಿಸ್ಟ್‌ಗಳು. 2018ರಲ್ಲಿ ಇಂಥ 8 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ವಿಮರ್ಶೆಯೊಂದು, ಪ್ರಯೋಜನ ಇರುವಂತೆ ಕಾಣುತ್ತದೆ ಆದರೆ ಪುರಾವೆಯ ಗುಣಮಟ್ಟ ದುರ್ಬಲ ಎಂದಿತು. ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ, ಒಂದೊಂದು ಅವಧಿಗೆ ಮಸಾಜ್ ಮಾಡಿದ್ದರಿಂದ ಹೋಲಿಸುವುದೇ ಕಷ್ಟವಾಗಿತ್ತು.

ನಮಗೆ ಹೆಚ್ಚು ನಂಬಬೇಕೆನಿಸಿದ್ದು ಕೆನಡಾದಲ್ಲಿ ನಡೆದು 2019ರಲ್ಲಿ ಪ್ರಕಟವಾದದ್ದು. ಇದರಲ್ಲಿ 70 ಜನ ಇದ್ದರು. ಒಬ್ಬರದೇ ಮೈಮೇಲಿನ ಎರಡು ಹೋಲುವ ಕಲೆಗಳಲ್ಲಿ ಒಂದಕ್ಕೆ ವಾರಕ್ಕೆ ಮೂರು ಸಲದಂತೆ 12 ವಾರ ಮಸಾಜ್, ಇನ್ನೊಂದಕ್ಕೆ ಇಲ್ಲ. ಅಳತೆ ಮಾಡಿದ್ದು ಕೈಯಿಂದ ಮುಟ್ಟಿ ಅಲ್ಲ, ಉಪಕರಣಗಳಿಂದ. ಮಸಾಜ್ ಆದ ಕೂಡಲೇ ಕಲೆ ಸ್ವಲ್ಪ ಹೆಚ್ಚು ಹಿಗ್ಗುತ್ತಿತ್ತು. ಆದರೆ ಆ ಲಾಭ ಕೂಡಿಕೊಳ್ಳುತ್ತಾ ಹೋಗಲಿಲ್ಲ. ಎಲ್ಲ ಮುಗಿದ ಮೇಲೆ ಎರಡು ಕಲೆಗಳ ನಡುವೆ ಗಣನೀಯ ವ್ಯತ್ಯಾಸ ಉಳಿಯಲಿಲ್ಲ.

ಅಂದರೆ ಮಸಾಜ್ ಕಲೆಯನ್ನು ಅಳಿಸುವುದಿಲ್ಲ. ಹದಿನೈದು ದಿನದಲ್ಲಂತೂ ಇಲ್ಲವೇ ಇಲ್ಲ. ಹಾಗಂತ ಬಿಟ್ಟುಬಿಡಬೇಕೆ? ನಮ್ಮ ಅಭಿಪ್ರಾಯದಲ್ಲಿ ಬಿಡಬೇಕಿಲ್ಲ, ಎರಡು ಕಾರಣಕ್ಕೆ.

ಒಂದು, ತುರಿಕೆ. ರಾತ್ರಿಯಿಡೀ ಕೆರೆದುಕೊಳ್ಳುವ ಮಗು, ಅದರ ಜೊತೆ ನಿದ್ದೆಗೆಟ್ಟ ಮನೆ, ಕೆರೆದು ಕೆರೆದು ಮತ್ತೆ ಹುಣ್ಣಾಗುವ ಎಳೆಯ ಚರ್ಮ. ಅದನ್ನು ಕಂಡವರು ತುರಿಕೆಯನ್ನು ಸಣ್ಣ ವಿಷಯ ಅನ್ನುವುದಿಲ್ಲ. ಒತ್ತಿ ತೀಡಿದಾಗ ತುರಿಕೆ ತಗ್ಗುವುದಕ್ಕೆ ವಿವರಣೆಯೂ ಇದೆ: ಸ್ಪರ್ಶ ಮತ್ತು ಒತ್ತಡದ ಸಂಕೇತಗಳು ಬೆನ್ನುಹುರಿಯಲ್ಲಿ ನೋವು-ತುರಿಕೆಯ ಸಂಕೇತಗಳಿಗೆ ಅಡ್ಡ ಬರುತ್ತವೆ. ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು 1965ರಲ್ಲಿ ನೋವಿನ ಬಗ್ಗೆ ಇದನ್ನು ಮುಂದಿಟ್ಟರು. ಪೆಟ್ಟು ಬಿದ್ದ ಮಂಡಿಯನ್ನು ನಾವೇ ಉಜ್ಜಿಕೊಳ್ಳುವುದು ಇದೇ ಲೆಕ್ಕದ ಮೇಲೆ.

ಇನ್ನೊಂದು, ಭಯ. 2001ರಲ್ಲಿ ಅಮೆರಿಕದ ಮಯಾಮಿಯಲ್ಲಿ 24 ಪುಟ್ಟ ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ, ಡ್ರೆಸ್ಸಿಂಗ್ ಬದಲಿಸುವ ಮುಂಚೆ ಸುಡದ ಭಾಗಗಳಿಗೆ ಮೃದುವಾಗಿ ಮಸಾಜ್ ಮಾಡಿಸಿಕೊಂಡ ಮಕ್ಕಳು ಕಡಿಮೆ ಸಂಕಟಪಟ್ಟವು. ಸುಟ್ಟ ಮೇಲೆ ಎಷ್ಟೋ ವಾರ, ಮಗುವಿನ ಮೈ ಮುಟ್ಟುವ ಪ್ರತಿ ಕೈಯೂ ನೋವು ಕೊಡುವ ಕೈಯೇ ಆಗಿರುತ್ತದೆ. ಹಾಗಲ್ಲದ ಮುಟ್ಟುವಿಕೆಯೂ ಇದೆ ಎಂದು ಮಗುವಿಗೆ ಗೊತ್ತಾಗಬೇಕು.

ಅಜ್ಜಿಯ ಎಣ್ಣೆನೀರಿಗಿಂತ ಇದು ಬೇರೆ

ಮಲೆನಾಡಿನ ಮನೆಗಳಲ್ಲಿ ಮಗುವಿಗೆ ಎಣ್ಣೆ ತೀಡುವುದು ಗೊತ್ತಿಲ್ಲದ ಅಜ್ಜಿಯರಿಲ್ಲ. ಆ ಕೈಗಳ ಅಭ್ಯಾಸ ಇಲ್ಲಿ ದೊಡ್ಡ ಆಸ್ತಿ. ಆದರೆ ಕ್ರಮ ಬೇರೆ.

ಮೊದಲನೆಯದಾಗಿ, ಗಾಯ ಪೂರ್ತಿ ಮುಚ್ಚಿರಬೇಕು. ಹಕ್ಕಳೆ, ಬೊಕ್ಕೆ, ಕೀವು, ಒಸರುವುದು ಏನೂ ಇರಬಾರದು. ಚರ್ಮ ಕಸಿ ಆಗಿದ್ದರೆ ಯಾವಾಗ ಶುರು ಮಾಡಬಹುದು ಎಂಬುದನ್ನು ಶಸ್ತ್ರಚಿಕಿತ್ಸಕರೇ ಹೇಳಬೇಕು. ತೆರೆದ ಗಾಯಕ್ಕೆ ಎಣ್ಣೆ ತಿಕ್ಕಿದರೆ ಸೋಂಕು, ಸೋಂಕಾದರೆ ಮಾಗಲು ತಡ, ತಡವಾದರೆ ಕಲೆ ಇನ್ನೂ ಉಬ್ಬುತ್ತದೆ. ಫಾರ್ವರ್ಡ್ ನೋಡಿ ಮಾಡಿದ ಉಪಾಯವೇ ಕಲೆಯನ್ನು ದೊಡ್ಡದು ಮಾಡುವ ದಾರಿ ಇದು.

ಉಗುರು ಕತ್ತರಿಸಿ, ಬಳೆ-ಉಂಗುರ ತೆಗೆದು, ಸೋಪಿನಿಂದ ಕೈ ತೊಳೆದುಕೊಳ್ಳಿ. ಎಣ್ಣೆ ಕೆಲವೇ ಹನಿ ಸಾಕು. ಮೈಯೆಲ್ಲ ಮಿರುಗುವಷ್ಟು ಸುರಿದರೆ ಬೆರಳು ಜಾರುತ್ತದೆ, ಕಲೆ ಅಲುಗುವುದೇ ಇಲ್ಲ. ಇಲ್ಲಿ ಬೇಕಾದದ್ದು ಉಜ್ಜುವುದಲ್ಲ. ಬೆರಳ ತುದಿ ಅಥವಾ ಅಂಗೈಯನ್ನು ಕಲೆಯ ಮೇಲೆ ಊರಿ, ಚರ್ಮವನ್ನೇ ಅದರ ಕೆಳಗಿನ ಮಾಂಸದ ಮೇಲೆ ನಿಧಾನವಾಗಿ ಸುತ್ತಲೂ, ಅಡ್ಡಕ್ಕೆ, ಉದ್ದಕ್ಕೆ ಸರಿಸುವುದು. ಮೊದಲ ಕೆಲವು ದಿನ ಬರೀ ಮೃದುವಾಗಿ ಸವರಿ. ಮಗು ಒಗ್ಗಿಕೊಂಡ ಮೇಲೆ, ಒತ್ತಿದಾಗ ಕಲೆಯ ಕೆಂಪು ಬಿಳಿಚುವಷ್ಟು ಒತ್ತಡ. ಒಂದು ಸಲಕ್ಕೆ ಐದರಿಂದ ಹತ್ತು ನಿಮಿಷ, ದಿನಕ್ಕೆ ಎರಡು ಮೂರು ಸಲ. ಚರ್ಮ ಕಿತ್ತು ಬಂದರೆ ಅಥವಾ ಬೊಕ್ಕೆ ಎದ್ದರೆ ನಿಲ್ಲಿಸಿ, ಮಾಗಿದ ಮೇಲೆ ಮತ್ತೆ. ಜೋರಾಗಿ ತಿಕ್ಕಿದಷ್ಟೂ ಒಳ್ಳೆಯದು ಎನ್ನುವುದು ತಪ್ಪು. ಮಾಗುತ್ತಿರುವ ಗಾಯವನ್ನು ಎಳೆಯುತ್ತಾ ಇದ್ದರೆ ಉಬ್ಬಿದ ಕಲೆ ಏಳುತ್ತದೆ ಎಂಬುದನ್ನು 2007ರಲ್ಲಿ ಇಲಿಗಳ ಮೇಲೆ ಮಾಡಿ ತೋರಿಸಿದ್ದಾರೆ.

ಯಾವ ಎಣ್ಣೆ? ಸಾದಾ ಕೊಬ್ಬರಿ ಎಣ್ಣೆ ಅಥವಾ ಪರಿಮಳವಿಲ್ಲದ ಯಾವುದೇ ಮಾಯಿಶ್ಚರೈಸರ್. ಎಣ್ಣೆಯ ಕೆಲಸ ಒಣಗಿದ ಚರ್ಮವನ್ನು ತೇವವಾಗಿಡುವುದು, ಬೆರಳಿನ ಉಜ್ಜಾಟ ತಗ್ಗಿಸುವುದು, ಅಷ್ಟೇ. ನಿಂಬೆರಸ ಬೇಡ, ಅದು ಉರಿಸುತ್ತದೆ. ಶುಂಠಿ, ಮೆಣಸು ಹಾಕಿ ಕಾಯಿಸಿದ ಎಣ್ಣೆಯೂ ಬೇಡ.

ಇನ್ನೊಂದು ಎಚ್ಚರಿಕೆ ಮಲೆನಾಡಿಗೆಂದೇ. ಎಣ್ಣೆಯನ್ನು ಬಿಸಿ ಮಾಡಬೇಡಿ, ಬಿಸಿನೀರಿನ ಶಾಖ ಕೊಡಬೇಡಿ. ಹೊಸ ಚರ್ಮಕ್ಕೆ ಬಿಸಿ ಸರಿಯಾಗಿ ಗೊತ್ತಾಗುವುದಿಲ್ಲ; ಹದವಾಗಿದೆ ಅನ್ನುವಷ್ಟರಲ್ಲಿ ಅದೇ ಜಾಗ ಮತ್ತೆ ಸುಟ್ಟಿರುತ್ತದೆ. ಬಿಸಿನೀರು ತುರಿಕೆಯನ್ನೂ ಹೆಚ್ಚಿಸುತ್ತದೆ. ಕಂಬಳಿ ನೇರವಾಗಿ ತಾಗದಂತೆ ಒಳಗೆ ಮೆತ್ತನೆಯ ಹತ್ತಿಬಟ್ಟೆ ಇರಲಿ. ವೈದ್ಯರು ಬಿಗಿ ಉಡುಪು ಕೊಟ್ಟಿದ್ದರೆ ಅದನ್ನು ಸ್ನಾನ, ಮಸಾಜ್ ಬಿಟ್ಟು ದಿನದ 23 ಗಂಟೆಯೂ ಹಾಕಬೇಕಾಗುತ್ತದೆ. ಮಳೆಗಾಲದಲ್ಲಿ ಒಗೆದದ್ದು ಒಣಗುವುದಿಲ್ಲವಾದ್ದರಿಂದ ಎರಡು ಜೊತೆ ಕೇಳಿ. ಒಲೆಯ ಮೇಲಿನ ಅಟ್ಟಕ್ಕೆ ಹಾಕಿ ಒಣಗಿಸಿದರೆ ಎಲಾಸ್ಟಿಕ್ ಸೋಲುತ್ತದೆ. ಬಿಸಿಲಿಗೆ ಹೋಗುವಾಗ ಕಲೆ ಮುಚ್ಚುವ ಬಟ್ಟೆ ಹಾಕಿ, ಇಲ್ಲವಾದರೆ ಕಪ್ಪು ಹೆಚ್ಚುತ್ತದೆ.

ಮಸಾಜ್‌ನಿಂದ ಬಿಡಿಸಲಾಗದ್ದು

ಇಡೀ ಬರಹದಲ್ಲಿ ಒಂದೇ ಭಾಗ ಓದಿಸುವುದಾದರೆ ಇದನ್ನು ಓದಿಸಿ.

ಕಲೆ ಕತ್ತು, ಕಂಕುಳು, ಮೊಣಕೈ, ಬೆರಳು, ಮಂಡಿಯ ಹಿಂಭಾಗ, ಹೀಗೆ ಮಡಚುವ ಜಾಗದ ಮೇಲೆ ಇದ್ದರೆ ಪ್ರಶ್ನೆ ಚಂದದ್ದಲ್ಲ, ಅಂಗದ್ದು. ಕಲೆ ಒಳಕ್ಕೆ ಎಳೆಯುತ್ತಾ ಹೋದಂತೆ ಕೀಲು ಮಡಚಿಕೊಂಡೇ ನಿಲ್ಲುತ್ತದೆ. ಗದ್ದ ಎದೆಯ ಕಡೆ ಬಾಗುತ್ತದೆ, ಬೆರಳುಗಳು ಅಂಗೈಗೆ ಸೇರುತ್ತವೆ. ನೋಯುವ ಮಗು ಸಹಜವಾಗಿ ಕೈಕಾಲು ಮಡಚಿ ಮಲಗುತ್ತದೆ. ಪಾಪ ನೋವು ಎಂದು ನಾವೂ ಹಾಗೇ ಬಿಡುತ್ತೇವೆ. ಸೆಟೆದುಕೊಳ್ಳುವುದು ಆ ಭಂಗಿಯಲ್ಲೇ.

ಇದನ್ನು ತಡೆಯುವುದು ಮಸಾಜ್ ಅಲ್ಲ. ದಿನಕ್ಕೆ ಹಲವು ಸಲ ಕೀಲನ್ನು ನಿಧಾನವಾಗಿ ಪೂರ್ತಿ ಚಾಚಿಸುವ ವ್ಯಾಯಾಮ, ರಾತ್ರಿ ಚಾಚಿದ ಸ್ಥಿತಿಯಲ್ಲೇ ಹಿಡಿದಿಡುವ ಸ್ಪ್ಲಿಂಟ್, ಕತ್ತಿನ ಮುಂಭಾಗ ಸುಟ್ಟಿದ್ದರೆ ತಲೆದಿಂಬಿಲ್ಲದೆ ಮಲಗಿಸುವುದು, ಇವು ತಡೆಯುತ್ತವೆ. ಮಸಾಜ್ ಆದ ಕೂಡಲೇ ಕಲೆ ಸ್ವಲ್ಪ ಹಿಗ್ಗುತ್ತದೆ ಎಂದೆವಲ್ಲ, ಚಾಚಿಸುವ ವ್ಯಾಯಾಮವನ್ನು ಆ ಹೊತ್ತಿಗೇ ಇಟ್ಟುಕೊಳ್ಳುವುದು ಜಾಣತನ. ಆದರೂ ಕೀಲು ಮಡಚುತ್ತಾ ಬಂದರೆ ‘ಇನ್ನೊಂದು ತಿಂಗಳು ತಿಕ್ಕಿ ನೋಡೋಣ’ ಎಂದು ಕಾಯಬಾರದು. ಶಸ್ತ್ರಚಿಕಿತ್ಸೆಯಿಂದ ಬಿಡಿಸಿ ಚರ್ಮ ಕಸಿ ಮಾಡುತ್ತಾರೆ. ತಡವಾದಷ್ಟೂ ಒಳಗಿನ ಸ್ನಾಯು, ಕೀಲುಗಳೂ ಕುಗ್ಗಿ ಕೆಲಸ ಕಷ್ಟವಾಗುತ್ತದೆ.

ಮಕ್ಕಳಲ್ಲಿ ಇನ್ನೊಂದು ತೊಡಕಿದೆ. ಮೂಳೆ ಬೆಳೆಯುತ್ತದೆ, ಕಲೆ ಅಷ್ಟು ಬೆಳೆಯುವುದಿಲ್ಲ. ಎರಡು ವರ್ಷದಲ್ಲಿ ಸುಟ್ಟ ಮಣಿಕಟ್ಟು ನಾಲ್ಕಕ್ಕೆ ಸರಿಯಿದ್ದು, ಎಂಟಕ್ಕೋ ಹನ್ನೆರಡಕ್ಕೋ ಮತ್ತೆ ಬಿಗಿಯಬಹುದು. ಹಾಗಾಗಿ ಎತ್ತರ ಬೆಳೆಯುವುದು ನಿಲ್ಲುವವರೆಗೂ ವರ್ಷಕ್ಕೊಮ್ಮೆಯಾದರೂ ತೋರಿಸುತ್ತಿರಬೇಕು. ಡಿಸ್ಚಾರ್ಜ್ ಆಯಿತು ಅಂದರೆ ಮುಗಿಯಿತು ಎಂದುಕೊಳ್ಳುವ ಮನೆಗಳೇ ಹೆಚ್ಚು.

ಎಲ್ಲಿಗೆ ಹೋಗಬೇಕು

ಹೇಳುವುದು ಸುಲಭ ಎಂದು ನಮಗೂ ಗೊತ್ತು. ಮೂರೂ ತಾಲ್ಲೂಕು ಕೇಂದ್ರಗಳಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಸುಮಾರು 60ರಿಂದ 75 ಕಿ.ಮೀ. ದೂರ, ಹಳ್ಳಿಗಳಿಂದ ಇನ್ನೂ ಹೆಚ್ಚು. ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯವರಿಗೆ 2025ರ ಜುಲೈವರೆಗೆ ಲಾಂಚ್‌ನ ಸಮಯವನ್ನೂ ಲೆಕ್ಕ ಹಾಕಬೇಕಿತ್ತು, ಸೇತುವೆ ಬಂದ ಮೇಲೆ ಆ ಒಂದು ಕಷ್ಟ ತಪ್ಪಿದೆ. ವಾರಕ್ಕೆ ಮೂರು ದಿನ ಫಿಸಿಯೋಥೆರಪಿಗೆ ಬಸ್ಸಿನಲ್ಲಿ ಹೋಗಿ ಬರುವುದು ಕೂಲಿ ಮಾಡುವ ಮನೆಗೆ ಆಗದ ಮಾತು. ಮನೆಯಲ್ಲೇ ಮಾಡುವ ಮಸಾಜ್, ವ್ಯಾಯಾಮಗಳಿಗೆ ಇಷ್ಟು ಬೆಲೆ ಬರುವುದು ಅದಕ್ಕೇ. ಒಂದೆರಡು ಸಲ ಹೋಗಿ ಕಲಿತುಕೊಂಡು, ಫಿಸಿಯೋಥೆರಪಿಸ್ಟ್ ಒಪ್ಪಿದರೆ ಅವರು ಮಾಡಿ ತೋರಿಸುವುದನ್ನು ನಿಮ್ಮ ಫೋನಿನಲ್ಲೇ ವಿಡಿಯೊ ಮಾಡಿಕೊಂಡು ಬನ್ನಿ. ಯೂಟ್ಯೂಬಿನ ಹತ್ತು ವಿಡಿಯೊಗಿಂತ ನಿಮ್ಮ ಮಗುವಿನ ಕೈಯದೇ ಆದ ಆ ಒಂದು ವಿಡಿಯೊ ಮೇಲು.

ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗುವುದಕ್ಕೆ ಇನ್ನೊಂದು ಕಾರಣ, ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಸುಟ್ಟಗಾಯ, ಅದರಿಂದ ಸೆಟೆದ ಕೀಲುಗಳ ಶಸ್ತ್ರಚಿಕಿತ್ಸೆಯೂ ಇದರಲ್ಲಿ ಸೇರಿದೆ. ತುರ್ತಲ್ಲದ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾಗುತ್ತದೆ. ಅಂಗನವಾಡಿ, ಶಾಲೆಗಳಿಗೆ ತಪಾಸಣೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೂ ಮಗುವನ್ನು ತೋರಿಸಿ. ಅಂಗಿಯೊಳಗಿನ ಕಲೆಯನ್ನು ನೀವೇ ತೆಗೆದು ತೋರಿಸದಿದ್ದರೆ ಅವರಿಗೆ ಕಾಣುವುದಿಲ್ಲ. ದೊಡ್ಡ ಶಸ್ತ್ರಚಿಕಿತ್ಸೆಗೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸುಟ್ಟಗಾಯಗಳದೇ ವಿಭಾಗ ಇದೆ. ತೀರ್ಥಹಳ್ಳಿ ಕಡೆಯವರಿಗೆ ಆಗುಂಬೆ ಘಾಟಿ ಇಳಿದರೆ ಮಣಿಪಾಲವೂ ದೂರವಲ್ಲ.

ಮೊದಲ ಇಪ್ಪತ್ತು ನಿಮಿಷ

ಕಲೆ ಎಷ್ಟು ಉಳಿಯುತ್ತದೆ ಎಂಬುದು ಬಹುಮಟ್ಟಿಗೆ ಗಾಯದ ಆಳದ ಮೇಲೆ ನಿಂತಿದೆ. ಆಳವನ್ನು ಕಡಿಮೆ ಮಾಡುವ ಅವಕಾಶ ಇರುವುದು ಸುಟ್ಟ ಕೂಡಲೇ. ಸುಟ್ಟ ಜಾಗವನ್ನು 20 ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿಯಿರಿ. ಸುಟ್ಟು ಮೂರು ಗಂಟೆಯೊಳಗೆ ಮಾಡಿದರೂ ಉಪಯೋಗವಿದೆ. ಅಬ್ಬಿ ನೀರು ಬೀಳುವ ಮನೆಯಾದರೆ ಇನ್ನೇನೂ ಹುಡುಕಬೇಕಿಲ್ಲ. ಚಿಕ್ಕ ಮಗುವಿನ ಉಳಿದ ಮೈಯನ್ನು ಒಣಬಟ್ಟೆಯಿಂದ ಬೆಚ್ಚಗೆ ಸುತ್ತಿ. ಮಂಜುಗಡ್ಡೆ, ಟೂತ್‌ಪೇಸ್ಟ್, ಕಾಫಿಪುಡಿ, ಅರಿಶಿನ, ತುಪ್ಪ, ಮೊಟ್ಟೆಯ ಬಿಳಿ, ಶಾಯಿ ಯಾವುದೂ ಬೇಡ. ಹಚ್ಚಿದರೆ ಆಳ ಎಷ್ಟೆಂದು ವೈದ್ಯರಿಗೆ ಕಾಣಿಸುವುದಿಲ್ಲ, ಮತ್ತೆ ಕೆರೆದು ತೆಗೆಯಬೇಕಾಗುತ್ತದೆ. ಮುಖ, ಕೈ, ಪಾದ, ಗುಪ್ತಾಂಗ ಅಥವಾ ಕೀಲಿನ ಮೇಲೆ ಸುಟ್ಟಿದ್ದರೆ, ಅಥವಾ ಮಗುವಿನ ಅಂಗೈಗಿಂತ ದೊಡ್ಡ ಜಾಗ ಸುಟ್ಟಿದ್ದರೆ 108ಕ್ಕೆ ಕರೆ ಮಾಡಿ.

ಫೋಟೊಗಳ ಬಗ್ಗೆ ಒಂದು ಮಾತು

ಸುಟ್ಟ ಮಕ್ಕಳ ಫೋಟೊ ಹಾಕಿ ‘ಒಂದು ಶೇರ್‌ಗೆ ಒಂದು ರೂಪಾಯಿ ಈ ಮಗುವಿಗೆ ಸಿಗುತ್ತದೆ’ ಎನ್ನುವ ಸಂದೇಶ ನಿಮಗೂ ಬಂದಿರಬಹುದು. ವಾಟ್ಸ್‌ಆ್ಯಪ್ ಆಗಲಿ ಫೇಸ್‌ಬುಕ್ ಆಗಲಿ ಶೇರ್ ಲೆಕ್ಕ ಹಾಕಿ ಯಾರಿಗೂ ಹಣ ಕೊಡುವುದಿಲ್ಲ. ಆ ಫೋಟೊ ಎಲ್ಲಿಂದಲೋ ಎತ್ತಿದ್ದು. ಅದರಲ್ಲಿರುವ ಮಗು ಇಂದು ಕಾಲೇಜಿಗೆ ಹೋಗುತ್ತಿರಲೂಬಹುದು, ತನ್ನ ಹಳೆಯ ಮುಖ ಊರೂರು ಸುತ್ತುತ್ತಿರುವುದು ಅದಕ್ಕೆ ಗೊತ್ತಿಲ್ಲದೆ.

ನಿಮ್ಮ ಮಗುವಿನ ಕಲೆಯ ಫೋಟೊ ಮಾತ್ರ ತಪ್ಪದೆ ತೆಗೆದಿಡಿ. ತಿಂಗಳಿಗೊಮ್ಮೆ, ಅದೇ ಕಿಟಕಿಯ ಬೆಳಕಿನಲ್ಲಿ, ಅಷ್ಟೇ ದೂರದಿಂದ. ಕೀಲಿನ ಮೇಲಿನ ಕಲೆಯಾದರೆ ಮಡಚಿದಾಗ ಒಂದು, ಪೂರ್ತಿ ಚಾಚಿದಾಗ ಒಂದು. ಕಲೆ ತಗ್ಗುತ್ತಿದೆಯೋ ಉಬ್ಬುತ್ತಿದೆಯೋ ದಿನಾ ನೋಡುವ ಕಣ್ಣಿಗೆ ತಿಳಿಯುವುದಿಲ್ಲ. ಚಾಚಿದ ಕೈ ಹೋದ ತಿಂಗಳಿಗಿಂತ ಕಡಿಮೆ ಚಾಚುತ್ತಿದೆ ಎಂಬುದನ್ನು ಆ ಎರಡು ಫೋಟೊ ಹೇಳುತ್ತವೆ. ಹಾಗೆ ಕಂಡರೆ ಮುಂದಿನ ತಾರೀಖಿಗೆ ಕಾಯದೆ ಆಸ್ಪತ್ರೆಗೆ ಹೊರಡಿ, ಫೋನಿನಲ್ಲಿರುವ ಆ ಫೋಟೊಗಳನ್ನು ವೈದ್ಯರಿಗೆ ತೋರಿಸಿ. ಮನೆಯವರ ಗ್ರೂಪಿಗೂ ಹಾಕುವುದು ಬೇಡ.